ಮದ್ದಿನಮ್ಮನ ಪಿತ್ತನಾಳ

ಪಿತ್ತನಾಳಕ್ಕೆ ಎಂಡೋಸ್ಕೋಪಿ ಮಾಡಬೇಕು ಅಂದ ಕೂಡಲೇ ಕೋಲಾರದ ಕಡೆ ಜನ ಕೇಳುವ ಮೊದಲ ಪ್ರಶ್ನೆ, "ಪೈಪು ಎಷ್ಟು ದಪ್ಪ ಇರುತ್ತೆ ಮೇಡಂ?" ನಾನು ಬೆರಳು ತೋರಿಸುತ್ತೇನೆ. ಎರಡನೇ ಪ್ರಶ್ನೆ, "ಪ್ರಾಣಕ್ಕೇನೂ ಇಲ್ಲ ತಾನೇ?" ಅವತ್ತು ನನ್ನ ಕೋಣೆಗೆ ಬಂದಿದ್ದ ಹೆಂಗಸು ಇವೆರಡರಲ್ಲಿ ಒಂದನ್ನೂ ಕೇಳಲಿಲ್ಲ. ಸೆರಗು ಹೊದ್ದುಕೊಂಡು ನನ್ನೆದುರು ಕೂತಿದ್ದವರು ಬಾಗಿಲ ಕಡೆ ತಿರುಗಿ, "ಹೊರಗೆ ನಮ್ಮೂರವರು ಯಾರಾದ್ರೂ ಕೂತಿದಾರಾ, ಒಂಚೂರು ನೋಡಿ ಹೇಳ್ತೀರಾ?" ಅಂದರು.

"ನಿಮ್ಮೂರವರ ಮುಖ ನನಗೆ ಹೇಗಮ್ಮ ಗೊತ್ತಾಗಬೇಕು?" ಅಂದೆ. ಬೆಳಗಿನಿಂದ ರೋಗಿಗಳನ್ನು ನೋಡಿ ನೋಡಿ ಸಾಕಾಗಿತ್ತು. ಸಾಕಾದಾಗ ನನ್ನ ಮಾತು ಸ್ವಲ್ಪ ಖಾರವಾಗುತ್ತದೆ, ಅದು ಆಸ್ಪತ್ರೆಗೆಲ್ಲ ಗೊತ್ತು.

ವಯಸ್ಸು ಐವತ್ತರ ಮೇಲೆ. ಕಣ್ಣು ಅರಿಶಿನದ ನೀರಿನ ಹಾಗೆ. ಮುಂಗೈ ತುಂಬ ಕೆರೆದುಕೊಂಡ ಗೀರು. ಊರು ತಾಯಲೂರಿನಿಂದಲೂ ಒಳಗೆ. ಮುಳಬಾಗಿಲಿನಲ್ಲಿ ಬಸ್ಸು ಬದಲಾಯಿಸಿದ್ದರಂತೆ, ಆದರೆ ಅಲ್ಲಿನ ಯಾವ ಆಸ್ಪತ್ರೆಯ ಮೆಟ್ಟಿಲನ್ನೂ ಹತ್ತಿರಲಿಲ್ಲ. ಸ್ಕ್ಯಾನ್ ಮಾಡಿಸಿದೆ. ಪಿತ್ತಕೋಶದ ತುಂಬ ಸಣ್ಣ ಕಲ್ಲುಗಳು, ಅದರಲ್ಲೊಂದು ಜಾರಿ ಬಂದು ಪಿತ್ತನಾಳದ ತುದಿಯಲ್ಲಿ ಸಿಕ್ಕಿಕೊಂಡಿತ್ತು.

ಕೆರೆ ಕಂಡವರಿಗೆ ಇದನ್ನು ಹೇಳುವುದು ಸುಲಭ. ಪಿತ್ತ ಕೆರೆಯ ನೀರು ಅಂದುಕೊಳ್ಳಿ, ನಾಳ ತೂಬು ಅಂದುಕೊಳ್ಳಿ. ತೂಬಿಗೆ ಕಲ್ಲು ಕೂತರೆ ನೀರು ಗದ್ದೆಗೆ ಇಳಿಯಲ್ಲ, ಹಿಂದಕ್ಕೆ ಒತ್ತುತ್ತೆ. ಆ ಪಿತ್ತ ರಕ್ತಕ್ಕೆ ಸೇರಿ ಮೈ ಹಳದಿಯಾಗುತ್ತೆ, ಮಲ ಬಿಳಿಚಿಕೊಳ್ಳುತ್ತೆ. ನಿಂತ ನೀರು ಕೆಡುವ ಹಾಗೆ ನಿಂತ ಪಿತ್ತವೂ ಕೆಡುತ್ತೆ. ಕೆಟ್ಟರೆ ಚಳಿಜ್ವರ, ಆಮೇಲೆ ಜೀವಕ್ಕೇ ಅಪಾಯ. ಬಾಯಿಂದ ಎಂಡೋಸ್ಕೋಪ್ ಇಳಿಸಿ ಸಣ್ಣ ಕರುಳಿನವರೆಗೆ ಹೋಗಿ, ಅಲ್ಲಿರುವ ಆ ತೂಬಿನ ಬಾಯಿ ಹುಡುಕಿ, ಎಕ್ಸ್‌ರೇ ನೋಡಿಕೊಂಡು ಕಲ್ಲನ್ನು ಈಚೆಗೆ ತೆಗೆಯುತ್ತೇವೆ. ಇಆರ್‌ಸಿಪಿ ಅಂತ ಚೀಟಿಯಲ್ಲಿ ಬರೆಯೋದು ಇದನ್ನೇ.

ಎಲ್ಲ ಕೇಳಿಸಿಕೊಂಡು, "ಆಗ್ಲಿ ಮೇಡಂ" ಅಂದರು.

"ಜೊತೆಗೆ ಯಾರು ಬಂದಿದಾರೆ?"

"ಯಾರೂ ಇಲ್ಲ."

"ಮನೇಲಿ?"

"ನಾನೊಬ್ಬಳೇ. ಅಕ್ಕಪಕ್ಕದೋರಿಗೆ ಹೇಳೋ ಹಾಗಿಲ್ಲ."

ರೇಗಿತು ನನಗೆ. ಮಂಪರಿನ ಇಂಜೆಕ್ಷನ್ ಕೊಟ್ಟವರಿಗೆ ಎದ್ದ ಮೇಲೂ ಒಂದಿಷ್ಟು ಹೊತ್ತು ತಲೆ ನೆಟ್ಟಗಿರಲ್ಲ. ಹೇಳಿದ್ದು ಮರೆಯುತ್ತಾರೆ, ಹೊಟ್ಟೆನೋವು ಬಂದರೂ ಹೇಳಲು ತಿಳಿಯಲ್ಲ. ಅದಕ್ಕೇ ಜೊತೆಗೊಬ್ಬರು ಇರಲೇಬೇಕು ಅನ್ನೋದು. ಬೈಸಿಕೊಂಡೂ ಅವರು ಕೂತಲ್ಲಿಂದ ಏಳಲಿಲ್ಲ. ಕೊನೆಗೆ ನಾನೇ ಸೋತು ಅಡ್ಮಿಟ್ ಮಾಡಿಕೊಂಡೆ. ಮಾರನೇ ದಿನ ಬೆಳಗ್ಗೆ ಮೊದಲ ಕೇಸು ಅವರದೇ ಅಂತ ಬರೆಸಿದೆ.

ಒಂದು ಮಾತು ಹೇಳಿಬಿಡುತ್ತೇನೆ. ಈ ಕೆಲಸ ಕಲಿತದ್ದು ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ. ಅಲ್ಲಿ ನನ್ನ ಬೆನ್ನ ಹಿಂದೆ ಗುರುಗಳು ನಿಂತಿರುತ್ತಿದ್ದರು. ನನ್ನ ಕೈ ಸೋತಾಗ "ಕೊಡಮ್ಮ ಇಲ್ಲಿ" ಅಂತ ಎಂಡೋಸ್ಕೋಪ್ ಇಸಿದುಕೊಳ್ಳುತ್ತಿದ್ದರು. ನಮ್ಮ ಆಸ್ಪತ್ರೆಯಲ್ಲಿ ಈ ಕೆಲಸ ಮಾಡುವವಳು ನಾನೊಬ್ಬಳೇ. ಎಕ್ಸ್‌ರೇ ತಡೆಯುವ ಸೀಸದ ಏಪ್ರನ್ ಹಾಕಿಕೊಂಡು ಕತ್ತಲ ಕೋಣೆಯಲ್ಲಿ ನಿಂತರೆ ಸುತ್ತ ಮೂರು ಜನ ಇರುತ್ತಾರೆ, ಆದರೆ ಮುಂದೇನು ಅಂತ ಕೇಳಲು ಒಬ್ಬರೂ ಇಲ್ಲ. ಎಷ್ಟೋ ಸಲ ಹಿಂದಕ್ಕೆ ತಿರುಗಿ ನೋಡಿಬಿಟ್ಟಿದ್ದೇನೆ. ಅಲ್ಲಿ ಗೋಡೆ ಇರುತ್ತದೆ.

ಬೆಳಗ್ಗೆ ವಾರ್ಡಿಗೆ ಹೋದಾಗ ಸಿಸ್ಟರ್, "ಮೇಡಂ, ಆಯಮ್ಮಂಗೆ ನಡುಕ ಬಂತು, ಜ್ವರ ಇದೆ, ಬಿಪಿ ಸ್ವಲ್ಪ ಇಳಿದಿದೆ" ಅಂದರು. ನಿಂತ ಪಿತ್ತ ಕೆಡಲು ಶುರುವಾಗಿತ್ತು. ಸಿಸ್ಟರ್ ಮುಳಬಾಗಿಲಿನ ಕಡೆಯವರು, ಆದರೆ ಮುಸುಕು ಹಾಕಿಕೊಂಡು ಮಲಗಿದ್ದ ಆ ರೋಗಿಯ ಮುಖವನ್ನು ಅವರೂ ಸರಿಯಾಗಿ ನೋಡಿರಲಿಲ್ಲ.

"ಏನೂ ತಿಂದಿಲ್ಲ ತಾನೇ?" ಅಂತ ರೋಗಿಯನ್ನೇ ಕೇಳಿದೆ.

"ಇಲ್ಲ ಮೇಡಂ."

"ಕಾಫಿ, ಟೀ, ನೀರು?"

"ಇಲ್ಲ."

"ರಕ್ತ ತೆಳು ಮಾಡೋ ಮಾತ್ರೆ, ಬಿಪಿ, ಶುಗರ್ ಮಾತ್ರೆ ಏನಾದ್ರೂ ನುಂಗ್ತೀರಾ?"

"ಮಾತ್ರೆ ನಾನು ಮುಟ್ಟಲ್ಲ."

ಟೇಬಲ್ ಮೇಲೆ ಮಲಗಿಸಿದೆವು. ಅರಿವಳಿಕೆ ಡಾಕ್ಟರು ಸಿರಿಂಜಿಗೆ ಔಷಧಿ ಎಳೆದುಕೊಳ್ಳುತ್ತಿದ್ದರು. ಹಲ್ಲಿನ ಮಧ್ಯೆ ಕಚ್ಚಿಕೊಳ್ಳಲು ಪ್ಲಾಸ್ಟಿಕ್ ಬಳೆಯಂಥದೊಂದನ್ನು ಕೊಡುತ್ತೇವೆ. ಅದನ್ನಿಡಲು ಬಗ್ಗಿದೆ. ಅವರ ಉಸಿರಿನಲ್ಲಿ ಜಜ್ಜಿದ ಹಸಿ ಸೊಪ್ಪಿನ ವಾಸನೆ. ಬಲಗೈ ನೋಡಿದೆ, ಉಗುರ ಸಂದಿಯಲ್ಲಿ ಹಸಿರು.

ಆ ವಾಸನೆ ನನಗೆ ಹೊಸದಲ್ಲ. ನಮ್ಮೂರು ಗೌನಿಪಲ್ಲಿ ಹತ್ತಿರ. ಚಿಕ್ಕವಳಿದ್ದಾಗ ನನಗೂ ಕಾಮಾಲೆ ಆಗಿತ್ತು. ಅಜ್ಜಿ ಬೆಳಕು ಹರಿಯುವ ಮುಂಚೆ ಎಬ್ಬಿಸಿ, ಮದ್ದು ಕೊಡುವವರ ಮನೆಗೆ ಕರೆದುಕೊಂಡು ಹೋಗಿದ್ದಳು. ಹಾಲಿನಲ್ಲಿ ಕಲಸಿದ ಹಸಿರು ಮದ್ದು, ಒಂದೇ ಗುಟುಕಿಗೆ ಕುಡಿಯಬೇಕು. ಹೋಗುವಾಗ ಮಾತಿಲ್ಲ, ಬರುವಾಗ ಮಾತಿಲ್ಲ. ಕುಡಿದೆ ಅಂತ ಯಾರಿಗೂ ಬಾಯಿಬಿಟ್ಟು ಹೇಳಕೂಡದು, ಹೇಳಿದರೆ ಮದ್ದು ಮುರಿಯುತ್ತೆ. ಅದೂ ಅಲ್ಲದೆ, ನಮ್ಮ ಜನಕ್ಕೆ ಮದ್ದು ಅಂದರೆ ತಿನ್ನೋದೂ ಅಲ್ಲ, ಕುಡಿಯೋದೂ ಅಲ್ಲ. ಅದು ಮದ್ದು. ಆಯಮ್ಮ ನನಗೆ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯಲ್ಲಿ ಮದ್ದು ಇರಲಿಲ್ಲ, ಅಷ್ಟೆ.

ಅರಿವಳಿಕೆ ಡಾಕ್ಟರಿಗೆ ಕೈ ಅಡ್ಡ ಹಿಡಿದೆ. ಬಗ್ಗಿ ಕಿವಿಯ ಹತ್ತಿರ, ನಮ್ಮ ಗಡಿ ಕಡೆ ಮನೆಮಾತಾದ ತೆಲುಗಿನಲ್ಲಿ ಕೇಳಿದೆ, "ಪೊದ್ದುನ್ನೇ ಮಂದು ತಾಗಿನಾರಾ ಅಮ್ಮಾ?" ಬೆಳಗ್ಗೆ ಮದ್ದು ಕುಡಿದ್ರಾ ಅಂತ.

ಅವರ ಕಣ್ಣು ಅಗಲವಾಯಿತು. ತುಟಿ ಬಿಗಿಯಿತು.

"ಬಾಯಿ ಬಿಡಬೇಡಿ," ಅಂದೆ. "ನನಗೂ ಗೊತ್ತು ಆ ಪದ್ಧತಿ. ತಲೆ ಆಡಿಸಿ, ಸಾಕು. ಹಾಲಿನಲ್ಲಿ ಕಲಸಿದ್ದಾ?"

ತಲೆ ಆಡಿಸಿದರು.

"ಲೋಟದ ತುಂಬ?"

ಮತ್ತೆ ಆಡಿಸಿದರು. ಗೇಟಿನ ಮುಂದಿನ ಟೀ ಅಂಗಡಿಯಿಂದ ಹಾಲು ತಂದು, ಊರಿಂದ ಚೀಲದಲ್ಲಿ ತಂದಿದ್ದ ಸೊಪ್ಪನ್ನು ಬಾತ್‌ರೂಮಿನಲ್ಲಿ ಜಜ್ಜಿ ಕಲಸಿಕೊಂಡು ಕುಡಿದಿದ್ದರು. ಅದು ಆಮೇಲೆ ಗೊತ್ತಾಯಿತು.

ಖಾಲಿ ಹೊಟ್ಟೆ ಯಾಕೆ ಅಂತ ಜನ ಕೇಳುತ್ತಾರೆ, ವಾಂತಿ ಆಗುತ್ತೆ ಅಂತಷ್ಟೇ ಅಂದುಕೊಂಡಿರುತ್ತಾರೆ. ಮಂಪರಿನಲ್ಲಿರುವವರ ಹೊಟ್ಟೆಯಲ್ಲಿ ಹಾಲಿದ್ದರೆ ಅದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತೆ. ಕೆಮ್ಮಿ ತಡೆಯುವ ಶಕ್ತಿ ಆಗ ಅವರಿಗಿರಲ್ಲ. ಹಾಲು ನಮ್ಮ ಲೆಕ್ಕದಲ್ಲಿ ನೀರಲ್ಲ, ಊಟ. ನಾಟಿ ಮದ್ದು, ಕಷಾಯ, ತೀರ್ಥ, ಯಾವುದೇ ಇರಲಿ, ಗಂಟಲಿಂದ ಕೆಳಗಿಳಿದದ್ದನ್ನೆಲ್ಲ ನಮಗೆ ಹೇಳಬೇಕು. ನಾವು ಬೈಯಬಹುದು, ನಾನಂತೂ ಬೈತೀನಿ. ಬೈಸಿಕೊಂಡರೆ ಜೀವ ಹೋಗಲ್ಲ.

"ಇವತ್ತು ಬೇಡ ಮೇಡಂ, ನಾಳೆಗೆ ಹಾಕಿ," ಅಂದರು ಅರಿವಳಿಕೆ ಡಾಕ್ಟರು. ಅವರು ಮಾಲೂರಿನಲ್ಲೂ ಕೆಲಸ ಮಾಡುವವರು, ಮಧ್ಯಾಹ್ನಕ್ಕೆ ಅಲ್ಲಿಗೆ ಹೊರಡಬೇಕಿತ್ತು. "ರಿಸ್ಕ್ ಯಾಕೆ?"

"ನಾಳೆವರೆಗೆ ಇರ್ತಾರಾ?"

ಅವರು ಮಾನಿಟರ್ ನೋಡಿದರು.

ಡ್ರಿಪ್ಪು, ಆಂಟಿಬಯಾಟಿಕ್ಕು ಜೋರಾಗಿ ಹಾಕಿ ಕಾಯೋಣ, ಹಾಲು ಇಳಿಯಲಿ ಅಂತ ಮೊದಲು ತೀರ್ಮಾನಿಸಿದೆ. ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತೆ. ಬಿಸಿಲು ಏರಿದ ಹಾಗೆ ಬಿಪಿ ಇಳಿಯುತ್ತಾ ಹೋಯಿತು. ಆಮೇಲೆ ಜ್ವರದ ಕನವರಿಕೆಯಲ್ಲಿ ಅವರು ಮಾತಾಡಲು ಶುರುಮಾಡಿದರು, ನನ್ನ ಹತ್ತಿರ ಅಲ್ಲ.

"ಉಪ್ಪು ಮುಟ್ಟಬೇಡಪ್ಪ. ಎಣ್ಣೆ ಬೇಡ, ಒಗ್ಗರಣೆ ವಾಸನೇನೂ ಬೇಡ. ಮೊಸರನ್ನ ತಿನ್ನು. ಏಯ್, ಲೈನಾಗಿ ಕೂತ್ಕೊಳ್ರೋ. ಮಗೀನ ಮೊದಲು ಕರ್ಕೊಂಬಾ."

ಡ್ರಿಪ್ ಬದಲಾಯಿಸಲು ಬಂದ ಸಿಸ್ಟರ್ ನಿಂತುಬಿಟ್ಟರು. ಮುಸುಕು ಸರಿದಿದ್ದ ಮುಖ ನೋಡಿ, "ಅಯ್ಯೋ ಮೇಡಂ, ಇವರು ಮದ್ದಿನಮ್ಮ! ನಮ್ಮ ಕಡೆ ಕಾಮಾಲೆ ಅಂದ್ರೆ ಎಲ್ಲ ಇವರ ಹತ್ರಾನೇ ಹೋಗೋದು. ಇವರಪ್ಪ ಕೊಡ್ತಿದ್ರು, ಆಮೇಲೆ ಇವರು. ಒಂದು ಎಲೆಯಡಿಕೆ ಕೂಡ ತಗೊಳ್ಳಲ್ಲ. ನನ್ನ ತಮ್ಮಂಗೂ ಇವರೇ ಕೊಟ್ಟಿದ್ದು," ಅಂದರು.

ಆಗ ಅರ್ಥವಾಯಿತು, ಬಾಗಿಲ ಕಡೆ ಯಾಕೆ ಅಷ್ಟು ನೋಡುತ್ತಿದ್ದರು ಅಂತ. ಕಾಮಾಲೆಗೆ ಮದ್ದು ಕೊಡುವಾಕೆಗೇ ಕಾಮಾಲೆ. ಅದು ಅವರದೇ ಮದ್ದಿಗೆ ಬಗ್ಗಲಿಲ್ಲ. ಆಸ್ಪತ್ರೆಗೆ ಬಂದದ್ದು ಊರಿಗೆ ತಿಳಿದರೆ ನಾಳೆ ಅವರ ಬಾಗಿಲಿಗೆ ಯಾರು ಬರುತ್ತಾರೆ? ಗಂಡ ಇಲ್ಲ, ಮಕ್ಕಳಿಲ್ಲ. ಬೆಳಗಿನ ಜಾವ ಬಾಗಿಲಿಗೆ ಬರುವ ಜನವೇ ಅವರ ಸಂಸಾರ.

ಬೆಂಗಳೂರಿಗೆ ಕಳಿಸಬಹುದಿತ್ತು. ಹೆದ್ದಾರಿಯಲ್ಲಿ ಆಂಬುಲೆನ್ಸ್, ಅಲ್ಲಿ ಹೋಗಿ ಬೆಡ್ಡು ಹುಡುಕುವುದು, ಸಹಿ ಹಾಕಲು ಯಾರೂ ಇಲ್ಲದ ರೋಗಿ. ಗುರುಗಳಿಗೆ ಫೋನ್ ಮಾಡಿದೆ, ರಿಂಗಾಗಿ ರಿಂಗಾಗಿ ನಿಂತಿತು. ಫೋನ್ ಜೇಬಿಗಿಟ್ಟುಕೊಂಡು ಅರಿವಳಿಕೆ ಡಾಕ್ಟರ ಹತ್ತಿರ ಹೋದೆ.

"ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ಪೂರ್ತಿ ಮಲಗಿಸಿ. ಹಾಲು ಮೇಲೆ ಬಂದರೂ ಒಳಗೆ ಇಳಿಯಬಾರದು. ನಾನು ಬೇಗ ಮುಗಿಸ್ತೀನಿ."

"ನಿಮ್ಮ ಜವಾಬ್ದಾರಿ ಮೇಡಂ."

"ಇನ್ಯಾರದು?"

ಅವರು ಮಾಲೂರಿಗೆ ಫೋನ್ ಮಾಡಿ ತಡವಾಗುತ್ತೆ ಅಂದರು. ಅಷ್ಟಕ್ಕೆ ಅವರಿಗೆ ನಾನು ಇವತ್ತಿಗೂ ಋಣಿ.

ಟ್ಯೂಬ್ ಸಲೀಸಾಗಿ ಕೂತಿತು. ಎಂಡೋಸ್ಕೋಪ್ ಇಳಿಸಿದೆ. ಹೊಟ್ಟೆಯಲ್ಲಿ ಹಸಿರು ಹಾಲು ಇನ್ನೂ ನಿಂತಿತ್ತು, ಎಲ್ಲವನ್ನೂ ಹೀರಿ ತೆಗೆದೆ. ಸಣ್ಣ ಕರುಳಿಗೆ ದಾಟಿದರೆ ಪಿತ್ತನಾಳದ ಬಾಯಿ ಊದಿಕೊಂಡು ಕಾಣುತ್ತಿತ್ತು. ಆ ಮೊಲೆತೊಟ್ಟಿನಷ್ಟು ಜಾಗದಲ್ಲಿ ಎರಡು ದಾರಿ ಸೇರುತ್ತವೆ, ಒಂದು ಪಿತ್ತದ್ದು, ಇನ್ನೊಂದು ಮೇದೋಜೀರಕ ಗ್ರಂಥಿಯದು. ನಮಗೆ ಬೇಕಾದದ್ದು ಮೊದಲನೆಯದು. ಎರಡನೆಯದನ್ನು ಮತ್ತೆ ಮತ್ತೆ ಚುಚ್ಚಿದರೆ ಗ್ರಂಥಿ ಮುನಿಸಿಕೊಂಡು ಬಾತುಕೊಳ್ಳುತ್ತೆ. ಈ ಚಿಕಿತ್ಸೆಯಲ್ಲಿ ನಾವು ಹೆಚ್ಚಿಗೆ ಹೆದರುವುದು ಅದಕ್ಕೇ. ಆದ ಮೇಲೆ ಹೊಟ್ಟೆ ಮೇಲ್ಭಾಗದಿಂದ ಬೆನ್ನಿಗೆ ಹೊಡೆಯುವ ನೋವು ಬಂದರೆ ಗ್ಯಾಸು ಅಂತ ಸೋಡಾ ಕುಡಿದು ಮಲಗಬೇಡಿ, ಕೂಡಲೇ ಹೇಳಿ ಅಂತ ಎಲ್ಲರಿಗೂ ಹೇಳುವುದು ಅದಕ್ಕೆ.

ಎಂಡೋಸ್ಕೋಪಿನೊಳಗಿಂದ ದಾರಿ ಹುಡುಕುವ ತೆಳು ವೈರ್ ಬಿಟ್ಟೆ. ಎಕ್ಸ್‌ರೇ ಪರದೆಯಲ್ಲಿ ಅದು ಬೆನ್ನುಮೂಳೆ ದಾಟಿ ಎಡಕ್ಕೆ ಹೊರಳಿತು. ತಪ್ಪು ದಾರಿ. ಹಿಂದಕ್ಕೆ ತೆಗೆದು ಮತ್ತೆ ಬಿಟ್ಟೆ. ಮತ್ತೆ ಎಡಕ್ಕೇ. ಟೆಕ್ನಿಷಿಯನ್ ನನ್ನ ಮುಖ ನೋಡಿದ. ಸೀಸದ ಏಪ್ರನ್ ಹೆಗಲು ಕಡಿಯುತ್ತಿತ್ತು. ಹಿಂದೆ ತಿರುಗಿ ನೋಡಬೇಕು ಅನ್ನಿಸಿತು, ನೋಡಲಿಲ್ಲ. ಆ ವೈರನ್ನು ಅಲ್ಲೇ ಬಿಟ್ಟು, ಆ ದಾರಿ ಮುಚ್ಚಿದೆ ಅಂದುಕೊಂಡು, ಅದರ ಪಕ್ಕದಲ್ಲಿ ಸ್ವಲ್ಪ ಮೇಲಕ್ಕೆ ಇನ್ನೊಂದನ್ನು ತೂರಿಸಿದೆ. ಅದು ನೆಟ್ಟಗೆ ಮೇಲೆ ಹೋಗಿ ಲಿವರ್ ಕಡೆ ಏರಿತು. ಟೆಕ್ನಿಷಿಯನ್ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ವೈರಿನ ಪಕ್ಕದಿಂದ ಕೀವು ಇಳಿಯಲು ಶುರುವಾಯಿತು.

ಈಗ ಕಲ್ಲು ಪರದೆ ಮೇಲೆ ಕಾಣುತ್ತಿತ್ತು. ಕೈಗೆ ಸಿಕ್ಕಂತೆಯೇ ಇತ್ತು. ನಾಳದ ಬಾಯಿ ಕೊಯ್ದು, ಬಲೂನು ಹಾಕಿ ಎಳೆದರೆ ಬರುತ್ತಿತ್ತೋ ಏನೋ. ಬಂದಿದ್ದರೆ ಹೆಸರೂ ಬರುತ್ತಿತ್ತು. ಆದರೆ ಕೊಯ್ದರೆ ರಕ್ತ, ಹೊತ್ತಾದರೆ ಬಿಪಿ. ಟೇಬಲ್ ಮೇಲಿದ್ದವರಿಗೆ ಅವತ್ತು ಬೇಕಾಗಿದ್ದದ್ದು ಕೆಟ್ಟ ಪಿತ್ತ ಈಚೆ ಬರುವುದಷ್ಟೇ. "ಸ್ಟೆಂಟ್ ಕೊಡಿ," ಅಂದೆ. ಪ್ಲಾಸ್ಟಿಕ್ಕಿನ ಸಣ್ಣ ನಳಿಕೆ, ಕಲ್ಲಿನ ಪಕ್ಕದಿಂದ ಹಾಯಿಸಿ ಇಟ್ಟೆ. ಪಿತ್ತ ಸುರಿಯಿತು. ಬಾವು ಬರದ ಹಾಗೆ ಮೇದೋಜೀರಕದ ದಾರಿಗೂ ಒಂದು ಚಿಕ್ಕದನ್ನು ಇಟ್ಟು, ಎಂಡೋಸ್ಕೋಪ್ ಈಚೆಗೆ ತೆಗೆದುಬಿಟ್ಟೆ. ಕಲ್ಲನ್ನು ಅಲ್ಲೇ ಬಿಟ್ಟು ಬರುವುದು ಇಷ್ಟು ಕಷ್ಟ ಅಂತ ಯಾರೂ ನನಗೆ ಕಲಿಸಿರಲಿಲ್ಲ.

ಸಂಜೆ ಹೊತ್ತಿಗೆ ಬಿಪಿ ಇಳಿಯುವುದು ನಿಂತಿತು. ಟ್ಯೂಬ್ ತೆಗೆದ ಮೇಲೆ ಕಣ್ಣುಬಿಟ್ಟು, ಕೆರೆದ ಗಂಟಲಿನಲ್ಲಿ ಮೊದಲು ಕೇಳಿದ್ದು ಅದನ್ನೇ, "ಹೊರಗೆ ನಮ್ಮೂರವರು ಯಾರಾದ್ರೂ ಇದಾರಾ?"

"ಯಾರೂ ಇಲ್ಲ," ಅಂದೆ. ಅವರು ನೆಮ್ಮದಿಯಿಂದ ಕಣ್ಣು ಮುಚ್ಚಿಕೊಂಡರು.

ಸಿಸ್ಟರಿಗೆ ಬಾಯಿಬಿಡಬೇಡಿ ಅಂತ ಹೇಳಿದ್ದೆ. ಅವರು ಬಿಡಲೂ ಇಲ್ಲ.

ಮನೆಗೆ ಕಳಿಸುವ ದಿನ ಕೂರಿಸಿಕೊಂಡು ಹೇಳಿದೆ. "ಮೇದೋಜೀರಕದ ದಾರಿಯಲ್ಲಿಟ್ಟ ಚಿಕ್ಕದು ಸಾಮಾನ್ಯವಾಗಿ ತಾನೇ ಜಾರಿ ಹೋಗುತ್ತೆ, ಒಂದು ಎಕ್ಸ್‌ರೇ ತೆಗೆದು ನೋಡ್ತೀನಿ. ಪಿತ್ತನಾಳದಲ್ಲಿರೋದು ಹಾಗಲ್ಲ. ಮೈ ಹಗುರಾಯ್ತು ಅಂತ ಅದನ್ನ ಮರೆತರೆ ಅದೂ ಕಟ್ಟಿಕೊಳ್ಳುತ್ತೆ, ಮತ್ತೆ ಇದೇ ಚಳಿಜ್ವರ. ಮೂರು ತಿಂಗಳೊಳಗೆ ಬರಲೇಬೇಕು. ಕಲ್ಲು ತೆಗೆದು ಸ್ಟೆಂಟ್ ತೆಗೀತೀನಿ. ಆಮೇಲೆ ಪಿತ್ತಕೋಶದ ಆಪರೇಷನ್ನಿಗೆ ಸರ್ಜನ್ ಹತ್ರ ಕಳಿಸ್ತೀನಿ."

"ಮೇಡಂ, ಒಂದು ಕೇಳ್ಲಾ? ನನ್ನ ಮದ್ದು ಇದಕ್ಕೆ ನಾಟಲ್ವಾ?"

"ನಾಟಲ್ಲ ಅಮ್ಮ. ವೈರಸ್ಸಿಂದ ಬರೋ ಕಾಮಾಲೆ ಬೇರೆ, ಅದರಲ್ಲಿ ಸುಮಾರು ಜನಕ್ಕೆ ಪಥ್ಯ, ವಿಶ್ರಾಂತಿಯಲ್ಲೇ ಇಳಿಯುತ್ತೆ. ಅವರೂ ಒಂದ್ಸಲ ರಕ್ತ ತೋರಿಸಬೇಕು, ಕೆಲವರಿಗೆ ಅದೂ ಕೈಮೀರುತ್ತೆ. ದಾರಿ ಕಟ್ಟಿಕೊಂಡಿದ್ದಕ್ಕೆ ಯಾವ ಸೊಪ್ಪೂ ಆಗಲ್ಲ, ನನ್ನ ಮಾತ್ರೆನೂ ಆಗಲ್ಲ."

"ಕಟ್ಟಿದ್ದು ಅಂತ ಹೇಗೆ ತಿಳ್ಕೊಳ್ಳೋದು?"

"ಮಲ ಸುಣ್ಣದ ಹಾಗೆ ಬಿಳಿ, ಮೈಯೆಲ್ಲ ನವೆ, ಬಲಪಕ್ಕೆಲುಬಿನ ಕೆಳಗೆ ನೋವು, ನಡುಕ ಬಂದು ಜ್ವರ. ಇದ್ರಲ್ಲಿ ಒಂದಿದ್ದರೂ ಆಸ್ಪತ್ರೆಗೆ ಕಳಿಸಬೇಕು."

ಅವರು ತಮ್ಮ ಕೈ ನೋಡಿಕೊಂಡರು. "ನಮ್ಮ ಪಕ್ಕದೂರಿನ ಮೇಷ್ಟ್ರು ಒಬ್ಬರಿದ್ರು," ಅಂದರು. "ಮೂರು ಸಲ ಮದ್ದು ಕೊಟ್ಟೆ. ಬಿಳಿ ಹೋಗ್ತಿದೆ ತಾಯಿ ಅಂತ ಅವರೂ ಹೇಳಿದ್ರು. ಪಥ್ಯ ಕೆಡಿಸಿದೀರಿ ಅಂತ ನಾನು ಬೈದೆ. ಉಳೀಲಿಲ್ಲ."

ಎಕ್ಸ್‌ರೇಗೆ ಬರಬೇಕಾದ ದಿನವನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೈಗಿಟ್ಟೆ. ಅವರು ಚೀಲ ಎತ್ತಿಕೊಂಡು ಮುಸುಕು ಹಾಕಿಕೊಂಡು ಬಸ್‌ಸ್ಟ್ಯಾಂಡ್ ಕಡೆ ಒಬ್ಬರೇ ಹೊರಟರು.

ಎಕ್ಸ್‌ರೇಗೆ ಬರಲಿಲ್ಲ. ಕೊಟ್ಟಿದ್ದ ಫೋನ್ ನಂಬರು ಹತ್ತಲಿಲ್ಲ. ಪ್ರತಿ ಬೆಳಗ್ಗೆ ಹೊರಗೆ ಕೂತವರ ಸಾಲಿನಲ್ಲಿ ಮುಸುಕು ಹುಡುಕುತ್ತಿದ್ದೆ. ನಾನಿರುವುದು ಕೋಲಾರದಲ್ಲೊಂದು ಬಾಡಿಗೆ ಮನೆಯಲ್ಲಿ, ಒಬ್ಬಳೇ. ಊಟಕ್ಕೆ ಕೂತಾಗ ಆ ಸ್ಟೆಂಟ್ ನೆನಪಾಗುತ್ತಿತ್ತು. ಹೊರಗೆ ನೂರಾರು ಜನ ಓಡಾಡುವ ಊರಿನಲ್ಲಿ ಇದನ್ನು ಯಾರ ಹತ್ತಿರ ಹೇಳಿಕೊಳ್ಳಲಿ ಅಂತ ಯೋಚಿಸಿ, ತಟ್ಟೆ ತೊಳೆದಿಡುತ್ತಿದ್ದೆ.

ಹೀಗಿರುವಾಗ ತಾಯಲೂರು ಕಡೆಯ ಒಬ್ಬ ರೈತ ಬಂದ. ಹಿಪ್ಪುನೇರಳೆ ಬೆಳೆಯುವವನು. ಕಣ್ಣು ಹಳದಿ, ಮಲ ಬಿಳಿ. ನಾನು ಪೈಪಿನ ವಿಷಯ ಎತ್ತುವ ಮೊದಲೇ ಅವನೇ, "ಬೆರಳಷ್ಟು ದಪ್ಪ ಅಂತೆ ಅಲ್ವಾ ಮೇಡಂ," ಅಂದ.

"ಯಾರಪ್ಪ ಹೇಳಿದ್ದು?"

"ನಮ್ಮ ಮದ್ದಿನಮ್ಮ. ಮದ್ದಿಗೆ ಅಂತ ಹೋದೆ. ಏನೇನೋ ಕೇಳಿ, ಇದು ನನ್ನ ಕೈಲಿ ಆಗೋದಲ್ಲ, ಕೋಲಾರಕ್ಕೆ ಹೋಗು ಅಂದ್ರು. ಗಂಟಲೊಳಗೆ ಪೈಪ್ ಹಾಕಿಸ್ಕೊಳ್ಳಲ್ಲ, ಸತ್ರೂ ಹೋಗಲ್ಲ ಅಂದೆ. ಜನದ ಮುಂದೇನೇ, ಲೇ, ನಾನೇ ಹಾಕಿಸ್ಕೊಂಡು ಬಂದಿದೀನಿ, ನಿಂಗೇನ್ಲಾ ದೊಡ್ಡ ಭಯ ಅಂದ್ಬಿಟ್ರು."

"ಜನ ಏನಂದ್ರು?"

ಅವನು ತಲೆ ತಗ್ಗಿಸಿದ. "ಏನಂತಾರೆ. ಒಬ್ಬೊಬ್ಬರೇ ಎದ್ದೋದ್ರು."

ಅವನಿಗೂ ಇಆರ್‌ಸಿಪಿ ಮಾಡಿದೆ, ಕಲ್ಲು ಸಲೀಸಾಗಿ ಬಂತು, ಹುಷಾರಾಗಿ ಹೋದ. ಹೋಗುವಾಗ, "ಅಮ್ಮನ್ನ ಬೇಗ ಬರೋಕೆ ಹೇಳು, ಮರೀಬೇಡ," ಅಂತ ಗಟ್ಟಿಯಾಗಿಯೇ ಹೇಳಿ ಕಳಿಸಿದೆ.

ಮೂರು ತಿಂಗಳು ತುಂಬುವ ಹೊತ್ತಿಗೆ ಅವರು ಬಂದರು. ಒಬ್ಬರೇ. ತಲೆಯ ಮೇಲೆ ಮುಸುಕಿರಲಿಲ್ಲ. ಬಾಗಿಲ ಕಡೆಯೂ ನೋಡಲಿಲ್ಲ.

"ಬೆಳಗ್ಗೆ ಏನಾದ್ರೂ?" ಅಂತ ಕೇಳಿದೆ. "ಮದ್ದೂ ಸೇರಿಸಿ ಕೇಳ್ತಿದೀನಿ."

"ಇಲ್ಲ ಮೇಡಂ," ಅಂತ ಬಾಯಿಬಿಟ್ಟೇ ಹೇಳಿದರು. "ಮದ್ದು ಅರೆದು ಎಷ್ಟೋ ದಿನ ಆಯ್ತು. ಕಾಮಾಲೆ ಆದೋರು ಈಗ ನೇರ ಮುಳಬಾಗಿಲಿಗೇ ಹೋಗ್ತಾರೆ. ಹೋಗ್ಲಿ, ಒಳ್ಳೇದೇ. ಅಭ್ಯಾಸ ನೋಡಿ, ಕೋಳಿ ಕೂಗೋಕೆ ಮುಂಚೆ ಎಚ್ಚರ ಆಗುತ್ತೆ. ಬಾಗಿಲು ತೆಗೆದು ಕೂತ್ಕೋತೀನಿ. ಬೆಳಕಾಗುತ್ತೆ. ಎದ್ದು ಒಳಗೆ ಹೋಗ್ತೀನಿ."

ಜೊತೆಗೆ ಯಾರೂ ಇಲ್ಲದೆ ಯಾಕೆ ಬಂದ್ರಿ ಅಂತ ಈ ಸಲ ಬೈಯಲಿಲ್ಲ.

ಕೆಲಸ ಸುಲಭವಾಗಿತ್ತು. ಚಿಕ್ಕ ಸ್ಟೆಂಟ್ ತಾನೇ ಹೋಗಿತ್ತು. ದೊಡ್ಡದನ್ನು ಎಳೆದೆ, ನಾಳದ ಬಾಯಿ ಕೊಯ್ದು ಬಲೂನಿನಿಂದ ಕಲ್ಲು ತೆಗೆದೆ. ಮೂರು ತಿಂಗಳ ಹಿಂದೆ ಬಿಟ್ಟು ಬಂದಿದ್ದ ಅದೇ ಕಲ್ಲು, ಕಂದು ಬಣ್ಣ, ಅವರೆಕಾಳಿನಷ್ಟು. ಎಕ್ಸ್‌ರೇಯಲ್ಲಿ ಕಾಣುವ ಔಷಧಿಯನ್ನು ನಾಳಕ್ಕೆ ಬಿಟ್ಟು ನೋಡಿದೆ, ನಾಳ ಪೂರ್ತಿ ತೆರೆದಿತ್ತು.

ಅವತ್ತಿನ ಉಳಿದ ಎಂಡೋಸ್ಕೋಪಿಗಳನ್ನು ಸ್ವಲ್ಪ ತಡಮಾಡಿ ಅಂತ ಹೇಳಿ, ಅವರನ್ನು ಮಲಗಿಸಿದ್ದ ಕೋಣೆಗೆ ಹೋಗಿ ಸ್ಟೂಲ್ ಎಳೆದುಕೊಂಡು ಕೂತೆ. ಜೊತೆಯಲ್ಲೊಬ್ಬರು ಇರಲೇಬೇಕು ಅಂತ ನಿಯಮ ಹೇಳುವವಳು ನಾನೇ ತಾನೇ. ಸಿಸ್ಟರ್ ಬಂದು ನೋಡಿ ಹೋದರು.

ಮಂಪರು ಇಳಿಯುತ್ತಾ ಅವರು ಕಣ್ಣುಬಿಟ್ಟರು. ನನ್ನ ಗುರುತು ಇನ್ನೂ ಸಿಕ್ಕಿರಲಿಲ್ಲ. ಬಾಗಿಲ ಕಡೆ ಕತ್ತು ಹೊರಳಿಸಿ, ತೊದಲುತ್ತಾ ಕೇಳಿದರು.

"ಹೊರಗೆ ನಮ್ಮೂರವರು ಯಾರಾದ್ರೂ ಬಂದಿದಾರಾ?"

ಎದ್ದು ಹೋಗಿ ನೋಡಿದೆ. ಹೊರಗೆ ಬೆಂಚು ತುಂಬ ಜನ ಇದ್ದರು. ತಾಯಲೂರು ಕಡೆಯಿಂದ ಯಾರಾದರೂ ಬಂದಿದೀರಾ ಅಂತ ಕೂಗಿ ಕೇಳಿದೆ. ಯಾರೂ ತಲೆ ಎತ್ತಲಿಲ್ಲ.

ವಾಪಸ್ ಬಂದು ಕೂತು ಅವರ ಕೈ ಹಿಡಿದುಕೊಂಡೆ. "ಇನ್ನೂ ಬಂದಿಲ್ಲ ಅಮ್ಮ," ಅಂದೆ. "ಅಲ್ಲೀವರೆಗೆ ನಾನಿರ್ತೀನಿ."